ಚಿಮಣಿಯ ಬುಡದ ತಗಡು

ನನ್ನ ತಮ್ಮ ಚಾವಣಿ ಕೆಲಸದವನು. ಊರಿನ ಅರ್ಧ ಮನೆಗಳ ಸೋರಿಕೆ ನಿಲ್ಲಿಸಿದವನು. ಅಂಥವನು ರಿಪೇರಿ ಮಾಡಿಕೊಟ್ಟ ಮೇಲೆ ನನ್ನ ಮನೆಯ ಚಿಮಣಿ ಸೋರತೊಡಗಿತು. ನಗು ಬಂದರೆ ನಕ್ಕುಬಿಡಿ, ಮೊದಲು ನಾನೂ ನಕ್ಕಿದ್ದೆ.

ಮನೆ ಅಪ್ಪ ಕಟ್ಟಿದ್ದು, ಇಬ್ಬರಿಗೂ ಸೇರಿದ್ದು. ಗಂಡ ತೀರಿಕೊಂಡ ಮೇಲೆ ನಾನು ಇಲ್ಲೇ ಇದ್ದೇನೆ. ಅಡುಗೆಮನೆಯ ಚಿಮಣಿಗೆ ಅಂಟಿಕೊಂಡ ಕೋಣೆಯಲ್ಲಿ ಹೊಲಿಗೆ ಮಿಷನ್ ಇದೆ, ನನ್ನ ಹೊಟ್ಟೆಪಾಡು ಅದರಿಂದಲೇ. ತಮ್ಮನಿಗೆ ಮನೆ ಮಾರುವ ಆಸೆ. ಸುತರಾಂ ಆಗುವುದಿಲ್ಲ ಎಂದೆ. ಮುಖ ಸಣ್ಣ ಮಾಡಿಕೊಂಡು ಸುಮ್ಮನಾದ. ಕೆಲವು ದಿನ ಕಳೆದು ಏಣಿ ಹೊತ್ತು ತಾನೇ ಬಂದ.

"ಚಿಮಣಿ ಬುಡದ ತಗಡು ತುಕ್ಕು ಹಿಡಿದಿದೆ ಅಕ್ಕ. ಮಳೆಗೆ ಮುಂಚೆ ಹೊಸದು ಹಾಕಿಬಿಡ್ತೀನಿ."

ಎಂಥ ತಮ್ಮ ಎಂದು ನನ್ನ ಕಣ್ಣು ತುಂಬಿ ಬಂತು. ಪೆದ್ದಿ ಅಂದರೆ ನಾನೇ.

ಅಪ್ಪನದೂ ಇದೇ ಕೆಲಸ, ಮದುವೆಗೆ ಮುಂಚೆ ನಾನೂ ಅವರ ಜೊತೆ ಚಾವಣಿ ಹತ್ತಿದವಳು. ಚಿಮಣಿಯ ಸುತ್ತ ಎರಡು ತಗಡು ಬೇಕು. ಕೆಳಗಿನದು ಹೆಂಚಿನ ಮೇಲೆ ಕೂತು ಇಟ್ಟಿಗೆಗೆ ಒರಗಬೇಕು. ಮೇಲಿನದರ ಅಂಚನ್ನು ಇಟ್ಟಿಗೆಯ ಸಂದಿಯೊಳಗೆ ತುರುಕಿ, ಕೆಳಗಿನದರ ಮೇಲೆ ಲಂಗದ ಹಾಗೆ ಇಳಿಬಿಡಬೇಕು. ಆಮೇಲೆ ಒಬ್ಬರು ಮೇಲಿಂದ ನೀರು ಸುರಿಯುವುದು, ಇನ್ನೊಬ್ಬರು ಒಳಗೆ ಮುಖ ಮೇಲೆತ್ತಿ ಕೂರುವುದು. ಅಪ್ಪ ಯಾರ ಮನೆಯಲ್ಲೂ ಇದನ್ನು ಬಿಟ್ಟವರಲ್ಲ.

"ನೀರು ಸುರಿದು ನೋಡಲ್ವೇನೋ?" ಎಂದು ಕೆಳಗಿನಿಂದ ಕೇಳಿದೆ.

"ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ?" ಎಂದ. ನಾಚಿಕೆಯಾಗಿ ಒಳಗೆ ಹೋಗಿ ಚಹಾಕ್ಕೆ ಇಟ್ಟೆ.

ಮೊದಲ ಮಳೆಗೇ ಗೋಡೆ ಒದ್ದೆಯಾಯಿತು. ಹೊಲಿದಿಟ್ಟ ಬಟ್ಟೆಗಳ ಮೇಲೆ ಮಸಿ ಬೆರೆತ ನೀರು ಇಳಿಯಿತು. ಗಿರಾಕಿಗಳು ಮುಖದ ಮೇಲೆ ಹೊಡೆದ ಹಾಗೆ ಮಾತಾಡಿ ಹೋದರು. ತಮ್ಮ ಪ್ರತಿ ಸಲ ಓಡಿ ಬರುತ್ತಿದ್ದ, ಮೇಲೆ ಹತ್ತಿ ಟಕಟಕ ಎನ್ನಿಸಿ ಇಳಿಯುತ್ತಿದ್ದ. "ಇಟ್ಟಿಗೆನೇ ಲಡ್ಡಾಗಿ ನೀರು ಹೀರ್ತಿದೆ, ಮನೆಗೆ ವಯಸ್ಸಾಯ್ತು. ನೀನು ಮಾತ್ರ ಹತ್ತಬೇಡ, ಆ ನೋಯೋ ಮೊಣಕಾಲು ಇಟ್ಕೊಂಡು" ಎನ್ನುತ್ತಿದ್ದ. ಅವನಿಗೆ ನನ್ನ ಕಾಲಿನ ಚಿಂತೆ ಎಷ್ಟಿದೆ ಎಂದು ಪಕ್ಕದ ಮನೆಯವಳ ಮುಂದೆ ಹೊಗಳಿದ್ದೂ ಹೊಗಳಿದ್ದೇ.

ಕೊನೆಗೆ ನಾನೇ ಸೋತೆ. ಮಾರೋಣ ಎಂದುಬಿಟ್ಟೆ. ಅವನು ನನ್ನ ತಲೆ ಸವರಿದ.

ಕೊಳ್ಳುವವರು ಬರುವುದಕ್ಕೆ ಇನ್ನೂ ದಿನವಿತ್ತು, ಉಳಿದ ಬಟ್ಟೆಯನ್ನಾದರೂ ಕಾಪಾಡಿಕೊಳ್ಳಬೇಕಿತ್ತು. ಪ್ಲಾಸ್ಟಿಕ್ ಹಾಳೆ ಹೊದಿಸೋಣವೆಂದು, ಹಲ್ಲು ಕಚ್ಚಿಕೊಂಡು ಏಣಿ ಹತ್ತಿದೆ. ತಗಡು ಹೊಸದೇ, ಇಟ್ಟಿಗೆಯೂ ಕಲ್ಲಿನ ಹಾಗಿತ್ತು. ಆದರೆ ಮೇಲಿನ ತಗಡಿನ ತುದಿ ಕೆಳಗಿನದರ ಮೇಲೆ ಇಳಿಯುವ ಬದಲು ಅದರ ಒಳಗೆ ಇತ್ತು. ಇಟ್ಟಿಗೆಯಿಂದ ಜಾರಿದ ನೀರೆಲ್ಲ ನೇರವಾಗಿ ಮನೆಯೊಳಗೆ ಹೋಗುವಂತೆ, ನೀಟಾಗಿ ಮಡಿಸಿ, ಅಂದವಾಗಿ ಕೂರಿಸಿದ್ದ. ಕೆಲಸ ಬಾರದವನು ಡಾಂಬರು ಮೆತ್ತಿ ಹೋಗುತ್ತಾನೆ. ಇಷ್ಟು ಚೆನ್ನಾಗಿ ತಲೆಕೆಳಗು ಮಾಡಲು ಕೆಲಸ ಬರಲೇಬೇಕು. ಹೆಂಚಿನ ಮೇಲೆಯೇ ಕೂತುಬಿಟ್ಟೆ.

ತಗಡು ಕಿತ್ತು ಸರಿಯಾಗಿ ಕೂರಿಸಿ ಇಳಿಯುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಬಾ ಎಂದು ಫೋನ್ ಮಾಡಿದೆ. ಬಂದವನು ನನ್ನ ಕೈಯ ಗಾಯ ನೋಡಿದ, ಒರಗಿಸಿದ್ದ ಏಣಿ ನೋಡಿದ. ನಿಂತಲ್ಲೇ ಬಿಳುಚಿಕೊಂಡ.

"ನೀರು ಒಳಗೆ ಬರೋ ಹಾಗೆ ಕೂರಿಸಿದ್ದೀಯಲ್ಲೋ. ನಿನಗೆ ಕೈಯಾದ್ರೂ ಹೇಗೆ ಬಂತು?"

ಸುಳ್ಳಾದರೂ ಹೇಳುತ್ತಾನೆ ಎಂದುಕೊಂಡಿದ್ದೆ. ಗೊತ್ತಾಗದೆ ಆಯಿತು ಎಂದಿದ್ದರೆ, ದೇವರಾಣೆ, ನಂಬಿಬಿಡುತ್ತಿದ್ದೆ. ಅವನು ನೆಲ ನೋಡುತ್ತಾ ಹೇಳಿದ.

"ಒಂದೆರಡು ಮಳೆಗೆ ಮಾರೋಕೆ ಒಪ್ಕೋತೀಯ ಅಂದ್ಕೊಂಡಿದ್ದೆ. ನೀನು ಇಷ್ಟು ದಿನ ತಡ್ಕೊಂಡು ಕೂರ್ತೀಯ ಅಂತ ನಂಗೇನು ಗೊತ್ತು?"

ಅಂದರೆ ತಪ್ಪು ನನ್ನದಾಯಿತು. ಮೈಯೆಲ್ಲ ಉರಿದುಹೋಯಿತು.

"ಮನೆ ಮಾರಲ್ಲ. ಹೋಗು" ಎಂದೆ.

ಅವನು ಹೋದ. ನನಗೆ ಅಂತ ಉಳಿದಿದ್ದವನು ಅವನೊಬ್ಬನೇ.