ಚಳಿಗಾಲದ ಗುಬ್ಬಿಗೆ ಏನು ಬೇಕು?

ಒಂದೇ ವಾರದಲ್ಲಿ ಇದು ಮೂರನೆಯ ಗುಬ್ಬಿ. ಗಜೇಂದ್ರಗಡದ ನೇಕಾರರ ಓಣಿಯ ತನ್ನ ಹಿತ್ತಲಲ್ಲಿ ವಿಜಯಲಕ್ಷ್ಮಿ ಕಸಬರಿಗೆ ಹಿಡಿದು ನಿಂತಿದ್ದಳು. ಸತ್ತ ಗುಬ್ಬಿಯ ಮೈಮೇಲೆ ಬೆಕ್ಕು ಕಚ್ಚಿದ ಗುರುತಿರಲಿಲ್ಲ. ಒಂದು ಕಾಲು ಮಾತ್ರ ಸೊಟ್ಟಗಾಗಿ ಕಪ್ಪಾಗಿತ್ತು.

ಮಗ್ಗದ ಮುಂದೆ ಕುಳಿತಿದ್ದ ಮಾವ ಮುದಿಯಪ್ಪ ಅಲ್ಲಿಂದಲೇ ಕೂಗಿದರು.

"ಮತ್ತೊಂದು ಸತ್ತೈತೇನ? ಹೇಳಿಬಿಟ್ಟೇನಿ ನೋಡವ್ವ. ಇನ್ನೊಂದು ಸತ್ತರ ಆ ಗಡಿಗಿ ಎರಡೂ ಇಳಸ್ತೀನಿ, ಕಾಳು ಚೆಲ್ಲೂದೂ ಬಂದ್. ಕರದು ಊಟಾ ಹಾಕಿ ಸಾಯಿಸಿದಂಗ ಆಗೈತಿ!"

ಗುಬ್ಬಿಗಳು ಗೂಡು ಕಟ್ಟಲೆಂದು ಆ ಗಡಿಗೆಗಳನ್ನು ಸೂರಿನ ಕೆಳಗೆ ತೂಗುಹಾಕಿದವಳು ವಿಜಯಲಕ್ಷ್ಮಿಯೇ. ಲಾಳಿಯ ಸದ್ದಿನ ನಡುವೆ ಅವುಗಳ ಚಿಲಿಪಿಲಿ ಕೇಳದಿದ್ದರೆ ಅವಳಿಗೆ ದಿನವೇ ಸಾಗುತ್ತಿರಲಿಲ್ಲ. ಈಗ ಏನಾಗಿದೆಯೆಂದೇ ತಿಳಿಯದು.

ಪಕ್ಕದ ಮನೆಯ ಖತೀಜಾಬಿ ಗೋಡೆಯ ಮೇಲಿಂದ ಇಣುಕಿದರು.

"ಚಳಿಗವ್ವಾ, ಚಳಿಗೆ. ಮುಂಜಾನಿ ನನ್ನ ಮೊಣಕಾಲೂ ಹಿಂಗ ಹಿಡಕೋತಾವ."

"ನೀವೇನು ಸತ್ತೀರೇನ್ರಿ, ಚಾಚಿ?"

"ನಾನು ದಿನಾ ಬಿಸಿ ಹಾಲು ಕುಡೀತೀನಿ. ಅವಕ್ಕೂ ಹಾಲು ಕಲಸಿದ ಅನ್ನ ಹಾಕು!"

ಫೋನಿನ ವಿಡಿಯೊದಲ್ಲಿ ಒಬ್ಬರು ಅನ್ನ ಹಾಕಲೇಬೇಡಿ ಎಂದಿದ್ದರು. ಇನ್ನೊಬ್ಬರು, ಕಾಳು ಹಾಕಿದರೆ ಹಕ್ಕಿಗಳು ಸೋಮಾರಿಯಾಗುತ್ತವೆ ಎಂದಿದ್ದರು. ಹಾಕಿದರೆ ತಪ್ಪೋ, ಬಿಟ್ಟರೆ ತಪ್ಪೋ? ವಿಜಯಲಕ್ಷ್ಮಿಗೆ ದಿಕ್ಕೇ ತೋಚಲಿಲ್ಲ. ಚಳಿಯೇ ಇರಬೇಕು ಎಂದುಕೊಂಡು, ವಾರದಿಂದ ಮಾಡುತ್ತಿದ್ದುದನ್ನೇ ಮತ್ತೆ ಮಾಡಿದಳು. ಮಗ್ಗದ ಕೆಳಗೆ ಉದುರಿದ್ದ ಮೆತ್ತನೆಯ ನೂಲಿನ ಎಳೆಗಳನ್ನು ಹಿಡಿಯಷ್ಟು ಬಾಚಿ, ಬೆಚ್ಚಗಿರಲೆಂದು ಗಡಿಗೆಗಳಿಗೆ ತುಂಬಿದಳು.

ಮಧ್ಯಾಹ್ನ ಓಣಿಯ ಕೋಳಿಗಳಿಗೆ ಲಸಿಕೆ ಹಾಕಲು ಪಶುಸಖಿ ಸೈರಾಬಾನು ಬಂದಳು. ಊರೂರು ತಿರುಗಿ ದನ, ಆಡು, ಕೋಳಿಗಳ ಆರೈಕೆ ಹೇಳಿಕೊಡುವುದು ಅವಳ ಕೆಲಸ. ವಿಜಯಲಕ್ಷ್ಮಿ ಅವಳನ್ನು ಹಿತ್ತಲಿಗೆ ಕರೆದುಕೊಂಡು ಬರುವಾಗಲೇ ಗಡಿಗೆಯ ಬಾಯಲ್ಲಿ ಪಟಪಟ ಸದ್ದಾಯಿತು. ಒಂದು ಹೆಣ್ಣು ಗುಬ್ಬಿ ಒಂಟಿ ಕಾಲಿನಲ್ಲಿ ತಲೆಕೆಳಗಾಗಿ ನೇತಾಡುತ್ತ ರೆಕ್ಕೆ ಬಡಿಯುತ್ತಿತ್ತು.

ವಿಜಯಲಕ್ಷ್ಮಿ ಹಿಡಿದೆಳೆಯಲು ಓಡಿದಳು.

"ಜಗ್ಗಬ್ಯಾಡ್ರಿ ಅಕ್ಕಾರ! ಕಾಲಽ ಕಿತ್ತು ಬರ್ತೈತಿ. ತೆಳ್ಳನ ಅರಿವಿ ತರ್ರಿ, ಸಣ್ಣ ಕತ್ತರಿ ತರ್ರಿ."

ಸೈರಾಬಾನು ಬಟ್ಟೆಯಿಂದ ಗುಬ್ಬಿಯ ತಲೆ ಮುಚ್ಚಿ, ಹಗುರವಾಗಿ ಹಿಡಿದುಕೊಂಡಳು. ಕತ್ತಲಾದದ್ದೇ ತಡ, ಅದು ಒದ್ದಾಡುವುದನ್ನು ನಿಲ್ಲಿಸಿತು. ಕಾಲಿಗೆ ಏನೋ ಸುತ್ತಿಕೊಂಡಿತ್ತು. ಕೂದಲಿನಷ್ಟು ಸಣ್ಣದು, ಅವಳ ಕಣ್ಣಿಗೆ ಅದರ ತುದಿ ಸಿಗಲಿಲ್ಲ.

"ಅತ್ತಾಗ ಸರೀರಿ," ಎಂದು, ಮಗ್ಗ ಬಿಟ್ಟು ಎದ್ದುಬಂದಿದ್ದ ಮುದಿಯಪ್ಪ ಕತ್ತರಿ ಹಿಡಿದು ಮುಂದೆ ಬಂದರು. ನಲವತ್ತು ವರ್ಷ ಮಗ್ಗದಲ್ಲಿ ಹರಿದ ಎಳೆ ಹುಡುಕಿ ಜೋಡಿಸಿದ ಬೆರಳುಗಳು ಅವರವು. ತುದಿ ಹಿಡಿದು ಎಳೆಯನ್ನು ಎರಡು ಕಡೆ ಕತ್ತರಿಸಿದರು. ಬಿಡಿಸಿದ್ದನ್ನು ಬೆಳಕಿಗೆ ಹಿಡಿದು ನೋಡಿದಾಗ ಅವರ ಮುಖ ಬಾಡಿತು.

"ಇದು ನಮ್ಮ ನೂಲಽ. ಈಗ ಮಗ್ಗದ ಮ್ಯಾಲಿರೋ ಸೀರಿ ಸೆರಗಿಂದು."

ಮುಂಜಾನೆ ಸತ್ತ ಗುಬ್ಬಿ ಇನ್ನೂ ಕಸದ ಮೊರದಲ್ಲಿತ್ತು. ಸೈರಾಬಾನು ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಅದರ ಕಾಲನ್ನು ತಿರುಗಿಸಿದಳು. ಚರ್ಮದೊಳಗೆ ಹುದುಗಿದ್ದ ಅದೇ ಬಣ್ಣದ ಎಳೆ ಕಂಡಿತು.

"ಬೆಚ್ಚಗಿರಲಿ ಅಂತ ನಾನಽ ಹಾಕಿದ್ದೆನವ್ವಾ," ಎಂದಳು ವಿಜಯಲಕ್ಷ್ಮಿ.

"ಎಲ್ಲಾರೂ ಹಂಗಽ ತಿಳೀತಾರ್ರಿ," ಎಂದಳು ಸೈರಾಬಾನು. "ಮೊದಲಿನ ಎರಡು ಯಾಕ ಸತ್ತವೋ, ನೋಡದ ನಾ ಹೇಳಂಗಿಲ್ಲ. ಆದ್ರ ನಮ್ಮ ಕಡೆ ಚಳಿಗೆ ಚಲೋ ಇದ್ದ ಗುಬ್ಬಿ ಸಾಯಂಗಿಲ್ಲ. ಪುಕ್ಕ ಉಬ್ಬಿಸಿ ಕುಂತಿತಂದ್ರ ಅದಽ ಅದು ಹೊದಿಯೋ ಕೌದಿ."

"ಹಾಲನ್ನ?" ಗೋಡೆಯ ಮೇಲಿಂದ ಖತೀಜಾಬಿ ಕೇಳಿದರು.

"ಹಾಲು ಗುಬ್ಬಿಗೆ ಅರಗಂಗಿಲ್ರಿ, ಚಾಚಿ. ಅದನ್ನ ನೀವಽ ಕುಡೀರಿ. ಉಪ್ಪು, ಎಣ್ಣಿ ಹಚ್ಚಿದ್ದೂ ಬ್ಯಾಡ. ನವಣಿ, ಸಜ್ಜಿ, ಜೋಳದ ನುಚ್ಚು ಒಂದು ಹಿಡಿ ಸಾಕು. ಹೊಲದಾಗೂ ತಿಂತಾವ, ಮಂದಿ ಅಂದಂಗ ಸೋಮಾರಿ ಆಗಂಗಿಲ್ಲ. ಬಿತ್ತಾಕ ಔಷಧಿ ಹಚ್ಚಿ ಉಳಿಸಿದ ಕಾಳು ಮಾತ್ರ ತೊಳದೂ ಹಾಕಬ್ಯಾಡ್ರಿ, ಅದು ವಿಷ."

"ಮತ್ತ ಗಡಿಗಿ?" ಎಂದರು ಮುದಿಯಪ್ಪ.

"ಇರ್ಲಿರಿ ಯಜಮಾನ್ರ. ಒಳಗ ಏನೂ ತುಂಬಬ್ಯಾಡ್ರಿ. ಅವಕ್ಕ ಬೇಕಾದ ಹುಲ್ಲು ಅವಽ ತರ್ತಾವ."

ಸೈರಾಬಾನು ಬಟ್ಟೆ ಸರಿಸಿದಳು. ಗುಬ್ಬಿ ಅಂಗೈಯಲ್ಲೇ ಕುಳಿತು ಆ ಕಡೆ ಈ ಕಡೆ ನೋಡಿತು. ಎಲ್ಲಿಗೆ ಹೋಗಬೇಕೆಂದು ಅದಕ್ಕೂ ತಿಳಿದಂತಿರಲಿಲ್ಲ. ಆಮೇಲೆ ಹಾರಿ ಬೇವಿನ ಗಿಡದಲ್ಲಿ ಒಂದು ಕಾಲು ಎತ್ತಿಕೊಂಡು ಕುಳಿತಿತು.

ಎಲ್ಲರೂ ಸಾಬೂನು ಹಚ್ಚಿ ಕೈ ತೊಳೆದರು. ಮುದಿಯಪ್ಪ ಗಡಿಗೆಗಳನ್ನು ನೋಡಿದರು: ಎರಡರಲ್ಲೂ ಮೊಟ್ಟೆಯಿರಲಿಲ್ಲ, ಮರಿಯಿರಲಿಲ್ಲ. ತಾವೇ ಇಳಿಸಿ ಒಂದೂ ಎಳೆ ಉಳಿಯದಂತೆ ಕೆರೆದು ಮತ್ತೆ ತೂಗುಹಾಕಿದರು. "ಕೆಳಗ ಬಿದ್ದ ನೂಲು ಇನ್ನ ಮುಂದ ನಾ ಗುಡಿಸ್ತೀನಿ," ಎಂದರು ಸೊಸೆಗೆ.

ಓದುಗರೇ, ನಿಮ್ಮ ಮನೆಯಲ್ಲಿ ಮಗ್ಗವಿರಬಹುದು, ಹೊಲಿಗೆ ಯಂತ್ರವಿರಬಹುದು, ಗಾಳಿಪಟದ ದಾರವಿರಬಹುದು, ಬಾಚಣಿಕೆಯ ಕೂದಲಂತೂ ಇದ್ದೇ ಇರುತ್ತದೆ. ಅವನ್ನು ಹಿತ್ತಲಿಗೆ ಎಸೆಯದೆ ಮುಚ್ಚಳದ ಡಬ್ಬಿಗೆ ಹಾಕಿ. ಅಗಲವಾದ, ಆಳವಿಲ್ಲದ ಪಾತ್ರೆಯಲ್ಲಿ ನೀರಿಟ್ಟು ದಿನವೂ ಬದಲಿಸಿ. ಕಾಳು ಹಾಕುವ ಜಾಗವನ್ನು ಗುಡಿಸಿ. ಕಾಲಿಗೆ ಎಳೆ ಆಳವಾಗಿ ಕೊರೆದಿದ್ದರೆ ಹಕ್ಕಿಯನ್ನು ಪಶು ದವಾಖಾನೆಗೆ ಒಯ್ಯಿರಿ. ಹಕ್ಕಿಗಳು ಒಟ್ಟೊಟ್ಟಿಗೆ ಸಾಯುತ್ತಿದ್ದರೆ ಮುಟ್ಟಬೇಡಿ, ಅಲ್ಲಿಗೇ ತಿಳಿಸಿ. ಏನು ಮಾಡಬೇಕೆಂದು ತಿಳಿಯದಿದ್ದರೆ ತಿಳಿದವರನ್ನು ಕೇಳಿ, ಆಮೇಲೆ ಕೈಹಾಕಿ. ಗುಬ್ಬಿಗೆ ನಮ್ಮ ಪ್ರೀತಿ ಬೇಕು. ಆ ಪ್ರೀತಿಯನ್ನು ಅದರ ಕಾಲಿಗೆ ಕಟ್ಟುವುದು ಬೇಡ.