ಎಣ್ಣೆ ಹಾಕದ ಥ್ರೆಡ್

ಹಳೆಯ ಮೋಟಾರ್‌ಸೈಕಲ್ಲಿನ ಚಕ್ರದ ಕಡ್ಡಿಯನ್ನು ನಿನ್ನ ಹುಟ್ಟೂರು ಯಾವುದು ಎಂದು ಕೇಳಿದರೆ ಅದು ಬಾಯಿಬಿಡುವುದಿಲ್ಲ. ತುದಿಯ ಥ್ರೆಡ್ಡನ್ನು, ಅಂದರೆ ತಿರುಪಿನ ಹಲ್ಲುಗಳನ್ನು, ಅಳೆದೇ ತಿಳಿಯಬೇಕು. ಹಲ್ಲಿನ ಅಳತೆ ನೋಡುವ ಗೇಜಿನ ಬ್ಲೇಡನ್ನು ಥ್ರೆಡ್ಡಿನ ಮೇಲಿಟ್ಟು ಕಿಟಕಿಯ ಬೆಳಕಿಗೆ ಹಿಡಿಯುತ್ತೇನೆ. ಹಲ್ಲಿಗೆ ಹಲ್ಲು ಕೂತು ಸಂದಿಯಲ್ಲಿ ಬೆಳಕು ಕಾಣದಿದ್ದರೆ ಅದೇ ಅಳತೆ. ಇದನ್ನು ಕಲಿಸಿದವರು ನನ್ನ ಗಂಡ. ಕಳೆದ ವರ್ಷ ಇದೇ ಬೆಂಚಿನ ಮುಂದೆ ಕುಸಿದವರು ಮತ್ತೆ ಏಳಲಿಲ್ಲ.

ಅವರಿಲ್ಲದ ಮೇಲೆ ವರ್ಕ್‌ಶಾಪನ್ನು ಹೇಗೋ ನಡೆಸಿಕೊಂಡು ಬಂದೆ. ಆದರೆ ಒಳಗೆ ಕಾಲಿಟ್ಟಾಗಲೆಲ್ಲ ಬೆನ್ನ ಹಿಂದೆ ಯಾರೋ ನಿಂತಂತಾಗುತ್ತಿತ್ತು. ತಿರುಗಿದರೆ ಯಾರೂ ಇರುತ್ತಿರಲಿಲ್ಲ. ಸಾಕಾಗಿ ಹೋಗಿ, ಇಡೀ ಸಾಮಾನನ್ನು ಒಬ್ಬ ಗುಜರಿ ವ್ಯಾಪಾರಿಗೆ ಮಾರಲು ಒಪ್ಪಿದೆ. ಭಾನುವಾರ ಟೆಂಪೊ ತರುತ್ತೇನೆಂದ. ಅತ್ತೆಗೆ ಹೇಳಿದಾಗ ಅವರು ಗೋಡೆಗೆ ಮುಖ ತಿರುಗಿಸಿ ಮಲಗಿದರು.

ಕೊನೆಯ ಕೆಲಸವಾಗಿ ಬಂದದ್ದು ರಿಟೈರ್ ಆದ ಡ್ರಾಯಿಂಗ್ ಮೇಷ್ಟ್ರ ಗಾಡಿಯ ಮುಂದಿನ ಚಕ್ರ. ಒಂದು ಕಡ್ಡಿ ಮುರಿದಿತ್ತು. ನನ್ನಲ್ಲಿದ್ದ ಮಿಲಿಮೀಟರ್ ಅಳತೆಯ ಹೊಸ ಕಡ್ಡಿಗೆ ಆ ಚಕ್ರದ ನಿಪ್ಪಲ್, ಅಂದರೆ ಕಡ್ಡಿಯ ತುದಿಗೆ ಕೂರುವ ನಟ್ಟು, ಹಾಕಿ ನೋಡಿದೆ. ಮೂರು ಸುತ್ತು ಸಲೀಸಾಗಿ ಹೋಗಿ ಕಚ್ಚಿಕೊಂಡಿತು. ಇದೇ ಮೋಸ. ಬಲ ಹಾಕಿದರೆ ಕೂರುತ್ತದೆ, ಆದರೆ ಓಡುವಾಗ ಎಂದಾದರೂ ಕೈಕೊಡುತ್ತದೆ. ಮುರಿದ ಕಡ್ಡಿಗೆ ಗೇಜಿಟ್ಟೆ. ಇಂಚಿಗೆ ನಲವತ್ತು ಹಲ್ಲು, ಹಳೆಯ ಇಂಗ್ಲಿಷ್ ಅಳತೆ. ಆ ಥ್ರೆಡ್ ಕೊರೆಯುವ ಡೈ ನಮ್ಮಲ್ಲಿರುವುದು ಒಂದೇ, ಅದು ನನ್ನ ಗಂಡನ ಡ್ರಾಯರಿನಲ್ಲಿ. ಅವರು ಹೋದ ಮೇಲೆ ಅದರ ಬೀಗ ತೆಗೆಯುವ ಧೈರ್ಯ ನನಗೆ ಬಂದಿರಲಿಲ್ಲ. ಮುರಿದ ಕಡ್ಡಿಯನ್ನು ಬೆಂಚಿನ ಮೇಲೆ ಬಿಟ್ಟು, ಮಧ್ಯಾಹ್ನವೆಲ್ಲ ಬಿಡಿಭಾಗದ ಅಂಗಡಿಗಳನ್ನು ಸುತ್ತಿದೆ. ಎಲ್ಲೂ ಸಿಗಲಿಲ್ಲ.

ವಾಪಸು ಬಂದಾಗ ಮುರಿದ ಕಡ್ಡಿಯ ಪಕ್ಕ ಹೊಸದೊಂದು ಕಡ್ಡಿ ಇತ್ತು.

ಎತ್ತಿಕೊಂಡೆ. ಗೇಜಿಟ್ಟೆ, ನಲವತ್ತು. ನಿಪ್ಪಲ್ ಎಲ್ಲೂ ಕಚ್ಚದೆ ಕೊನೆಯವರೆಗೂ ಹೋಯಿತು. ಬೆರಳಿನಿಂದ ಸವರಿದರೆ ಥ್ರೆಡ್ಡಿನ ಅಂಚು ತರಿತರಿ. ಎಣ್ಣೆ ಬಿಡದೆ ಒಣದಾಗಿಯೇ ಕೊರೆದ ಗುರುತು ಅದು, ನನ್ನ ಗಂಡನ ಕೆಟ್ಟ ಚಾಳಿ. ಡೈ ತಿರುಗಿಸಿದಾಗಲೆಲ್ಲ ಕಿರ್ರ್ ಎನ್ನುವ ಸದ್ದು ಗೋಡೆಯಾಚೆಯ ಅಡುಗೆಮನೆಗೂ ಕೇಳುತ್ತಿತ್ತು. ಅಲ್ಲಿಂದಲೇ ಬೈಯುತ್ತಿದ್ದೆ. ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದರು. ಡ್ರಾಯರ್ ನೋಡಿದೆ. ಬೀಗ ಹಾಕಿದಂತೆಯೇ ಇತ್ತು.

ಇದು ಅತ್ತೆಯದೇ ಕೆಲಸ ಅಂದುಕೊಂಡೆ. ಮಾವನ ಕಾಲದಿಂದ ಈ ಕಸುಬು ನೋಡಿದವರು. ಡ್ರಾಯರಿನ ಕೀ ನನ್ನ ಬೀರುವಿನಲ್ಲಿರುವುದೂ ಅವರಿಗೆ ಗೊತ್ತು. ಮಾರಾಟ ತಪ್ಪಿಸಲು ನನ್ನನ್ನು ಹೆದರಿಸುತ್ತಿದ್ದಾರೆ ಎಂದು ಮೈಯೆಲ್ಲ ಉರಿಯಿತು. ಮರುದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಕಡ್ಡಿಯನ್ನು ಅವರ ತಟ್ಟೆಯ ಪಕ್ಕ ಇಟ್ಟೆ.

"ಅತ್ತೆ, ಮಾರೋದು ಇಷ್ಟ ಇಲ್ಲ ಅಂದ್ರೆ ಬಾಯಿಬಿಟ್ಟು ಹೇಳಿ. ಈ ಆಟ ಬೇಡ."

ಅವರು ಕಡ್ಡಿ ನೋಡಿದರು. ಆಮೇಲೆ ತಮ್ಮ ಎರಡೂ ಕೈಗಳನ್ನು ಮೇಜಿನ ಮೇಲಿಟ್ಟರು. ವಾತದಿಂದ ಬೆರಳುಗಳು ಒಳಕ್ಕೆ ಮಡಚಿಕೊಂಡಿದ್ದವು. ದಿನವೂ ಅವರ ಬಾಯಿಗೆ ಲೋಟ ಹಿಡಿಯುವವಳು ನಾನೇ. ಸಿಟ್ಟಿನಲ್ಲಿ ಅದೇ ಮರೆತಿತ್ತು.

"ನಾನು ನೀನೇ ಅಂದ್ಕೊಂಡಿದ್ದೆ ಕಣೇ," ಅಂದರು. "ಮಧ್ಯಾಹ್ನ ಮಲಗಿದ್ರೆ ಸಾಕು, ಕಿರ್ರ್ ಅನ್ನುತ್ತೆ. ಸದ್ಯ, ಸೊಸೆ ಅವನ ಕೆಲಸ ಕೈಬಿಟ್ಟಿಲ್ಲ ಅಂತ ಸಮಾಧಾನ ಆಗ್ತಿತ್ತು."

"ಊಟ ಆದ್ಮೇಲೆ ದಿನಾ ನಾನು ವರ್ಕ್‌ಶಾಪಿಗೆ ಬೀಗ ಹಾಕಿ ಪೇಟೆಗೆ ಹೋಗಿರ್ತೀನಲ್ಲ, ಅತ್ತೆ?"

ಆಗ ಗೋಡೆಯಾಚೆ, ನಾನೇ ಬೀಗ ಹಾಕಿ ಬಂದಿದ್ದ ವರ್ಕ್‌ಶಾಪಿನೊಳಗೆ, ಡೈ ತಿರುಗಿತು. ಕಿರ್ರ್. ಅರ್ಧ ಸುತ್ತು ಹಿಂದಕ್ಕೆ. ಮತ್ತೆ ಕಿರ್ರ್. ಅತ್ತೆ ತಮ್ಮ ಮಡಚಿದ ಕೈಯನ್ನು ನನ್ನ ತೋಳಿಗೆ ಒತ್ತಿದರು. ಹೊರಗೆ ಓಡಬೇಕೆನಿಸಿತು, ವರ್ಕ್‌ಶಾಪಿಗೆ ಓಡಿ ಹೋಗಿ ನನ್ನ ಗಂಡನನ್ನು ಅಪ್ಪಿಕೊಳ್ಳಬೇಕೆಂದೂ ಅನಿಸಿತು. ಬಾಯಿಂದ ಬಂದದ್ದು ಮಾತ್ರ ಹಳೆಯ ಮಾತೇ.

"ರೀ, ಎಣ್ಣೆ ಹಾಕ್ರೀ."

ಸದ್ದು ನಿಂತಿತು. ಎಣ್ಣೆ ಕ್ಯಾನಿನ ತಳ ಟಕ್ ಟಕ್ ಎಂದಿತು. ಆಮೇಲೆ ಡೈ ಮತ್ತೆ ತಿರುಗತೊಡಗಿತು, ಕಿವಿಗೊಟ್ಟರಷ್ಟೇ ಕೇಳುವಷ್ಟು ಮೆತ್ತಗೆ.

"ಕೇಳಿದ ನೋಡು," ಅಂದರು ಅತ್ತೆ. ಅಳುತ್ತಿದ್ದರು.

"ಬದುಕಿದ್ದಾಗ ಒಂದು ದಿನಾನೂ ಕೇಳಿರಲಿಲ್ಲ," ಅಂದೆ. ನಾನೂ ಅಳುತ್ತಿದ್ದೆ.

ಸಂಜೆ ವ್ಯಾಪಾರಿಗೆ ಫೋನ್ ಮಾಡಿ ಟೆಂಪೊ ತರಬೇಡಿ ಅಂದೆ. ಬೇರೆ ಗಿರಾಕಿ ಸಿಕ್ಕಿದನಾ ಎಂದು ಕೇಳಿದ.

"ಇಲ್ಲ," ಅಂದೆ. "ಇನ್ನೂ ಕೆಲಸ ನಡೀತಿದೆ."