ಅಕ್ಕ ಹಾಕಿದ ಬಾಗಿಲು

"ಸ್ವಲ್ಪ ಎಡಕ್ಕೆ... ಇನ್ನೂ ಎಡಕ್ಕೆ... ಅಕ್ಕನ ಕಾಲು ಗೋಡೆಗೆ ತಾಗತ್ತೆ, ನಿಧಾನ!"

ಮೆಟ್ಟಿಲಿನ ತಿರುವಿನಲ್ಲಿ ಹಿಂದಿನಿಂದ ಕೂಗುತ್ತಿದ್ದವನು ಭಾಮೈದ. ಹೆಂಡತಿಯ ದೇಹವನ್ನು ತಲೆಯ ಕಡೆ ಹಿಡಿದಿದ್ದ ಗಂಡ ಒಂದೊಂದೇ ಮೆಟ್ಟಿಲು ಇಳಿದ. ಇನ್ನು ನೋಯುವ ಕಾಲಲ್ಲ ಅದು. ಆದರೂ ಇವನಿಗೆ ಎಷ್ಟು ಜತನ!

ಹುಟ್ಟಿನಿಂದ ಅವನು ಭಾಮೈದನೇನಲ್ಲ. ಹೆಂಡತಿಯ ಜೊತೆ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದವನು. ಸೇರಿದ ದಿನವೇ ಅವಳನ್ನು ಅಕ್ಕ ಎಂದು ಕರೆದ, ಅದೇ ವಾರ ಮನೆಗೆ ಊಟಕ್ಕೂ ಬಂದ. "ಹಾಗಾದ್ರೆ ನೀನು ನನಗೆ ಭಾಮೈದ ಆದೆಯಪ್ಪಾ, ಇನ್ನು ನಿನ್ನ ಕಾಟ ತಪ್ಪಿದ್ದಲ್ಲ" ಎಂದು ಗಂಡ ನಕ್ಕಿದ್ದ. ಹೆಸರು ಅಂಟಿಕೊಂಡುಬಿಟ್ಟಿತು. ಮಗಳಿಗೆ ಅವನು ಮಾವ. ಈಗ ಆ ಪ್ರಯೋಗಾಲಯದ ಸಂಸ್ಥೆಗೆ ಅವನೇ ಮುಖ್ಯಸ್ಥ. ಆದರೂ ಈ ಮನೆಗೆ ಬಂದರೆ ಚಪ್ಪಲಿ ಬಿಟ್ಟು ಸೀದಾ ಅಡುಗೆಮನೆಗೆ ನುಗ್ಗಿ ಪಾತ್ರೆಯ ಮುಚ್ಚಳ ತೆಗೆದು ನೋಡುವವನು.

ಚಿತಾಗಾರದಲ್ಲಿ ಇವರಿಗಿಂತ ಮೊದಲು ಬಂದವರಿದ್ದರು. ಸಿಮೆಂಟು ಬೆಂಚುಗಳ ಹಜಾರದಲ್ಲಿ ಕಾಯಬೇಕಾಯಿತು.

"ಒಂದು ಸಣ್ಣ ಗಾಯಕ್ಕೆ ಹೋಗೋ ಜೀವವಾ ಅದು?" ಮಗಳ ಬೆನ್ನು ಸವರುತ್ತ ಪಕ್ಕದ ಮನೆಯಾಕೆ ಕಣ್ಣೊರೆಸಿಕೊಂಡಳು. "ಮೊನ್ನೆ ಮೊನ್ನೆ ಬಾಲ್ಕನಿಯಲ್ಲಿ ನಿಂತು ನನ್ನ ಹತ್ರ ಹರಟೆ ಹೊಡೀತಿದ್ರು."

"ಗಾಯ ಸಣ್ಣದೇ ಆಂಟಿ. ಹೊಲಿಗೆ ಹಾಕಿಸೋಕೆ ಹೋದಾಗ ಆಸ್ಪತ್ರೆಯಲ್ಲೇ ಅದರೊಳಗೆ ಕ್ರಿಮಿ ಹೊಕ್ಕಿತು. ಯಾವ ಔಷಧಿಗೂ ಜಗ್ಗಲಿಲ್ಲ. ಒಂದಾದ ಮೇಲೊಂದು ಬದಲಾಯಿಸಿ ನೋಡಿದ್ರು."

"ರಿಟೈರ್ ಆದ ಮೇಲೂ ಆ ಬಂಡೆಗಳ ಮೇಲೆ ಯಾಕೆ ಅಲೀಬೇಕಿತ್ತು ಹೇಳು!"

ಭಾಮೈದ ನೀರು ತರುತ್ತೇನೆಂದು ಎದ್ದು ಹೋದ.

*

ಸಂಸ್ಥೆಯಲ್ಲಿ ಎಲ್ಲರೂ ಅವಳನ್ನು ಬೆನ್ನ ಹಿಂದೆ ಕೆಸರಮ್ಮ ಎನ್ನುತ್ತಿದ್ದರು. ಅವಳಿಗದು ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು. ದೋಣಿಯವರಿಂದ ಕಡಲ ತಳದ ಕೆಸರು ತರಿಸಿ, ಗಾಜಿನ ತಟ್ಟೆಗಳಲ್ಲಿ ಅದರ ಸೂಕ್ಷ್ಮಜೀವಿಗಳನ್ನು ಬೆಳೆಸಿ, ಯಾವುದಾದರೂ ರೋಗದ ಕ್ರಿಮಿಯನ್ನು ಕೊಲ್ಲುತ್ತದೆಯೇ ಎಂದು ನೋಡುವುದು ಅವಳ ಕೆಲಸ. ವರ್ಷಗಟ್ಟಲೆ ಯಾವುದೂ ಕೊಲ್ಲಲಿಲ್ಲ.

ಒಂದು ಮಧ್ಯಾಹ್ನ ಗಂಡನ ಕನ್ನಡಕದ ಅಂಗಡಿಗೆ ಏದುಸಿರು ಬಿಡುತ್ತ ಓಡಿಬಂದವಳು, ಗಿರಾಕಿ ಕೂತಿರುವುದನ್ನೂ ನೋಡದೆ, "ಕೊಂದೇಬಿಡ್ತು ಕಣ್ರೀ!" ಎಂದು ಕೂಗಿದಳು. ಗಿರಾಕಿ ಅರ್ಧ ಪರೀಕ್ಷಿಸಿದ ಕಣ್ಣಿನೊಂದಿಗೇ ಎದ್ದು ಹೋದ.

ತಟ್ಟೆಯಲ್ಲಿ ಬೂದಿ ಬಣ್ಣದ ಒಂದು ಚುಕ್ಕೆ. ಯಾವ ಔಷಧಿಗೂ ಬಗ್ಗದ ಆಸ್ಪತ್ರೆಯ ಕ್ರಿಮಿಗಳು ಅದರ ಹತ್ತಿರ ಸುಳಿಯುತ್ತಿರಲಿಲ್ಲ. ಎಳೆಮಗುವನ್ನು ತೋರಿಸುವಂತೆ ಅವಳು ಅದನ್ನು ಗಂಡನಿಗೆ ತೋರಿಸಿದ್ದಳು.

ಆ ಸಂತೋಷ ಬಹಳ ದಿನ ಉಳಿಯಲಿಲ್ಲ. ರಜೆ ಮುಗಿಸಿ ಹೋಗಿ ನೋಡಿದರೆ ಫ್ರೀಜರಿನ ಬಾಗಿಲು ತೆರೆದಿತ್ತು. ಚುಕ್ಕೆಯನ್ನು ಕಾಪಿಟ್ಟಿದ್ದ ಸೀಸೆಗಳೆಲ್ಲ ಕರಗಿ, ಒಳಗಿನದು ಸತ್ತಿತ್ತು. ರಜೆಗೆ ಮುಂಚೆ ಕೊನೆಯದಾಗಿ ಬಾಗಿಲು ಹಾಕಿದವಳು ಅವಳೇ.

"ಹಾಕಿದ್ದೆ ಅಂತ ನನ್ನ ಕೈಗೆ ನೆನಪಿದೆ ರೀ," ಎಂದು ಅವಳು ಅಂಗೈ ನೋಡಿಕೊಂಡು ಅತ್ತಳು.

"ಹೋಗ್ಲಿ ಬಿಡಕ್ಕಾ, ಯಾರಿಗಾದ್ರೂ ಆಗತ್ತೆ," ಎಂದು ಭಾಮೈದ ಸಮಾಧಾನ ಮಾಡಿದ. ವಿಚಾರಣೆ ನಡೆದಾಗ ಅವಳ ಪರ ಮಾತಾಡಿ ಕೆಲಸ ಉಳಿಸಿದವನೂ ಅವನೇ. ಆ ಋಣ ಹೇಗೆ ತೀರಿಸುವುದೆಂದು ಗಂಡ ಹೆಂಡತಿ ಎಷ್ಟೋ ಸಲ ಮಾತಾಡಿಕೊಂಡಿದ್ದರು.

ಅಂದಿನಿಂದ ಅವಳಿಗೆ ತನ್ನ ಕೈಯ ಮೇಲೇ ನಂಬಿಕೆ ಹೋಯಿತು. ಮನೆಗೆ ಬೀಗ ಹಾಕಿ ಬೀದಿಯ ಕೊನೆ ಮುಟ್ಟಿದವಳು ತಿರುಗಿ ಬಂದು ಬೀಗ ಎಳೆದು ನೋಡುವಳು. ಒಲೆ ಆರಿಸಿ ಮಗಳನ್ನು ಕರೆದು, "ಆರಿದೆಯಾ ನೋಡೇ," ಎನ್ನುವಳು. ರಜೆ ಬಂತೆಂದರೆ ಗಂಡನ ಸ್ಕೂಟರಿನ ಹಿಂದೆ ಕೂತು ಕಡಲಿಗೆ. ಎಷ್ಟು ಕೆಸರು ಬಗೆದರೂ ಆ ಚುಕ್ಕೆ ಮತ್ತೆ ಸಿಗಲಿಲ್ಲ. ಕಳೆದ ತಿಂಗಳು ಬಂಡೆಗೆ ಅಂಟಿದ ಚಿಪ್ಪು ಅವಳ ಕಾಲು ಕೊಯ್ದದ್ದೂ ಅಲ್ಲಿಯೇ.

*

ಆಸ್ಪತ್ರೆಯ ಡಾಕ್ಟರಮ್ಮ ಬಂದು ಗಂಡನ ಪಕ್ಕ ಕೂತಳು. "ನಮ್ಮ ಕೈಲಾದದ್ದೆಲ್ಲ ಮಾಡಿದ್ವಿ. ಕೊನೆಗೆ ಇವರದೇ ಔಷಧಿನೂ ಕೇಳಿದ್ವಿ. ಔಷಧಿ ಕಂಪನಿಯವರು ಕೊಡಲಿಲ್ಲ," ಎಂದಳು.

"ಇವಳ ಔಷಧಿಯಾ?"

"ಅದೇ, ಕಡಲ ಕೆಸರಿಂದ ತೆಗೆದದ್ದು. ಪರೀಕ್ಷೆ ಅರ್ಧಕ್ಕೆ ನಿಲ್ಲಿಸಿ ಮೂಲೆಗಿಟ್ಟಿದ್ದಾರೆ. ಜೀವನಪೂರ್ತಿ ನುಂಗೋ ಮಾತ್ರೆ ಆಗಿದ್ರೆ ಮಾಡ್ತಿದ್ರೇನೋ. ವಾರದಲ್ಲಿ ವಾಸಿ ಮಾಡೋದ್ರಲ್ಲಿ ಅವರಿಗೇನು ಲಾಭ? ನಿಮ್ಮ ಭಾಮೈದ ಹೇಳಿರಬೇಕಲ್ಲ, ಅವರಿಗೇ ಫೋನ್ ಮಾಡಿದ್ದೆ. ಆ ಸೂಕ್ಷ್ಮಜೀವೀನ ಕಂಪನಿಗೆ ಕೊಟ್ಟವರು ಅವರೇ ಅಲ್ವಾ?"

"ಅದು ಸತ್ತುಹೋಯ್ತಲ್ಲ ಡಾಕ್ಟ್ರೇ. ಫ್ರೀಜರ್ ಬಾಗಿಲು..."

"ಸತ್ತಿಲ್ಲ. ಅವರ ಹತ್ರ ಚೆನ್ನಾಗೇ ಇದೆ," ಎಂದವಳು ಅವನ ಮುಖ ನೋಡಿ ತಡವರಿಸಿದಳು. "ಕೊಟ್ಟಿದ್ರೆ ಉಳೀತಿದ್ರು ಅಂತ ನಾನು ಹೇಳ್ತಿಲ್ಲ..."

ಹಿಂಬದಿಯ ನಲ್ಲಿಯಲ್ಲಿ ಭಾಮೈದ ಬಾಟಲಿ ತುಂಬಿಸುತ್ತಿದ್ದ. ಗಂಡ ಅವನೆದುರು ಹೋಗಿ ನಿಂತ.

"ಬಾಗಿಲು ತೆರೆದವರು ಯಾರೋ?"

ಯಾವ ಬಾಗಿಲು ಎಂದು ಭಾಮೈದ ಕೇಳಲಿಲ್ಲ. ಅಷ್ಟಕ್ಕೇ ಗಂಡನಿಗೆ ಎಲ್ಲ ತಿಳಿದುಹೋಯಿತು. ಬಾಟಲಿ ತುಂಬಿ ನೀರು ಹೊರಗೆ ಹರಿಯುತ್ತಿತ್ತು.

"ಸಂಸ್ಥೆ ಮುಚ್ಚೋ ಹಾಗಿತ್ತು ಭಾವ. ಕಂಪನಿಯವರು ದುಡ್ಡು ಕೊಡ್ತೀವಿ, ಆದ್ರೆ ಇನ್ನೆಲ್ಲೂ ಅದು ಉಳೀಬಾರದು, ನಮ್ಮೊಬ್ಬರಿಗೇ ಬೇಕು ಅಂದ್ರು. ಅಕ್ಕ ಒಪ್ತಿದ್ಲಾ? ಔಷಧಿ ಮಾಡೇ ಮಾಡ್ತಾರೆ ಅಂತ ನಂಬಿದ್ದೆ. ಅದು ಮಾರಾಟಕ್ಕೆ ಬಂದ ದಿನ ಅಕ್ಕನ ಕಾಲಿಗೆ ಬಿದ್ದು ಹೇಳೋಣ ಅಂತಿದ್ದೆ. ಬರಲೇ ಇಲ್ಲ."

"ಅವಳು ಬೀಗ ಎಳೆದೆಳೆದು ನೋಡೋವಾಗ ಪಕ್ಕದಲ್ಲೇ ನಿಂತಿರ್ತಿದ್ದೆಯಲ್ಲೋ. ಒಂದ್ಸಲ ನಕ್ಕೂ ಇದ್ದೆ."

"ಅವಳು ಆಸ್ಪತ್ರೆಯಲ್ಲಿದ್ದಾಗ ಕಂಪನಿಯವರ ಕೈಕಾಲು ಹಿಡಿದೆ ಭಾವ, ನಿಮ್ಮಾಣೆ."

"ಭಾವ ಅನ್ಬೇಡ."

ಅಷ್ಟರಲ್ಲಿ ಒಳಗಿನಿಂದ ಕರೆದರು. ಹತ್ತಿರದವರು ಮಾತ್ರ ಬರಬೇಕಂತೆ.

"ಮಾವ ಎಲ್ಲಪ್ಪಾ?" ಮಗಳು ಬಾಗಿಲಲ್ಲಿ ನಿಂತು ಹಿಂದೆ ನೋಡಿದಳು.

"ನೀನು ಬಾ."

ಗಂಡ ಹೆಂಡತಿಯ ಕಿವಿಯ ಹತ್ತಿರ ಬಗ್ಗಿದ. ಚಿತಾಗಾರದ ಕೆಲಸದವನು ಅವಳನ್ನು ಮಲಗಿಸಿದ್ದ ಗಾಡಿಯ ಹಿಡಿಕೆ ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದ.

"ನೀನು ಹಾಕಿದ್ದೆ ಕಣೇ. ಸರಿಯಾಗೇ ಹಾಕಿದ್ದೆ. ನಿನ್ನ ಕೈ ಸುಳ್ಳು ಹೇಳಲಿಲ್ಲ."

ಮಗಳು ಅಪ್ಪನ ತೋಳು ಹಿಡಿದುಕೊಂಡಳು. "ಮತ್ತೆ ಯಾರಪ್ಪಾ?"

ಅವನು ಹೇಳಿದ.

ಅವರು ಹೊರಗೆ ಬಂದಾಗ ಬಿಸಿಲು ಇಳಿದಿತ್ತು. ಮನೆಯವರನ್ನು ಕರೆದೊಯ್ಯುವ ವ್ಯಾನು ಗೇಟಿನ ಹತ್ತಿರ ನಿಂತಿತ್ತು. ಭಾಮೈದ ಎಲ್ಲರಿಗಿಂತ ಮೊದಲೇ ಹತ್ತಿ ಕೂತಿದ್ದ. ಇವರನ್ನು ಕಂಡವನು ಕಿಟಕಿಯ ಕಡೆಗೆ ಸರಿದು, ಪಕ್ಕದ ಸೀಟನ್ನು ಕೈಯಿಂದ ಒರೆಸಿ, ಇಬ್ಬರು ಕೂರುವಷ್ಟು ಜಾಗ ಬಿಟ್ಟ. ಅಪ್ಪ ಮಗಳು ವ್ಯಾನಿನ ಪಕ್ಕದಲ್ಲೇ ಹಾದು ರಸ್ತೆಗಿಳಿದು ನಡೆದರು. ಚಾಲಕ ಎಂಜಿನ್ ಚಾಲೂ ಮಾಡಿ, ಆರಿಸಿ, ಮತ್ತೆ ಚಾಲೂ ಮಾಡಿದ. ಒರೆಸಿದ ಸೀಟಿನ ಮೇಲಿಂದ ಭಾಮೈದ ಕೈ ತೆಗೆದಿರಲಿಲ್ಲ.